ಗಾಜು ಹಿಡಿದ ಕೈ

“ಕೈ ಎತ್ತೋ ಬೋಳಿಮಗನೆ!”

ಆ ಹೊತ್ತಿಗೆ ಭಾವನ ಎರಡೂ ಕೈ ಆರಡಿ ಉದ್ದ, ನಾಲ್ಕಡಿ ಅಗಲದ ಗಾಜಿನ ಹಾಳೆಯ ಅಡಿಯಲ್ಲಿದ್ದವು. ನನ್ನವೂ ಅಷ್ಟೆ. ಅಂಗಡಿಯಿಂದ ಬೀದಿಗೆ ಇಳಿಯುವ ಇಳಿಜಾರು ಹಲಗೆಯ ಮೇಲೆ ನಾನು ಕೆಳಗೆ, ಹಿಂದುಹಿಂದಕ್ಕೆ ಕಾಲಿಡುತ್ತಿದ್ದೆ. ಅವನು ಮೇಲೆ, ನನ್ನ ಕಾಲು ನೋಡಿ ಹೆಜ್ಜೆ ಹೇಳಿಕೊಡುತ್ತಿದ್ದ. ನನ್ನ ಬೆನ್ನ ಹಿಂದಿನ ಬೀದಿ ಗಾಜಿನಲ್ಲಿ ಮಸುಕಾಗಿ ಕಾಣುತ್ತಿತ್ತು. ಎರಡು ಟೋಪಿ ಬರುತ್ತಿರುವುದನ್ನು ನಾನು ಮೊದಲು ನೋಡಿದ್ದು ಆ ಗಾಜಿನಲ್ಲೇ. ಒಬ್ಬರು ಠಾಣೆಯ ಸಾಹೇಬರು, ಇನ್ನೊಬ್ಬ ಪೇದೆ.

“ಗಾಜಿದೆ ಸಾರ್. ಇಳಿಸಿಬಿಡ್ತೀವಿ, ಒಂದೇ ನಿಮಿಷ,” ಅಂದ ಭಾವ.

“ನಿಮಿಷ ಕೇಳ್ತಾನೆ ನನ್ಮಗ! ಕಾಫಿ ಕುಡಿಯೋಕೆ ಬಂದಿದೀವೇನೋ ನಿನ್ನ ಮನೆಗೆ? ಎತ್ತೋ ಕೈ!”

ಪೇದೆ ನನ್ನನ್ನು ದಾಟಿ ಹಲಗೆ ಹತ್ತಿದ. ಮೊದಲ ಏಟು ಭಾವನ ಮುಂಗೈಗೆ ಬಿತ್ತು. ಗಾಜು ನಡುಗಿತು, ಜಾರಲಿಲ್ಲ.

ನಮ್ಮ ಕೆಲಸದಲ್ಲಿ ಒಂದೇ ಕಟ್ಟಳೆ. ಹಾಳೆಗೆ ಇಬ್ಬರು ಕೈ ಕೊಟ್ಟ ಮೇಲೆ ಯಾರೂ ತಮ್ಮಷ್ಟಕ್ಕೆ ತಾವು ಕೈ ತೆಗೆಯುವಂತಿಲ್ಲ. “ತಗೊಂಡ್ಯಾ?” ಅಂತ ಕೇಳಬೇಕು. “ನನ್ನ ಕೈಲಿದೆ” ಅಂತ ಕಿವಿಗೆ ಬೀಳಬೇಕು. ಆಮೇಲೆ ತೆಗೆಯಬೇಕು. ಕೆಲಸಕ್ಕೆ ಸೇರಿದ ಮೊದಲ ದಿನ ನಾನು ಕೇಳದೆ ತೆಗೆದಿದ್ದೆ. ಭಾವ ಒಬ್ಬನೇ ಹೇಗೋ ಸಂಭಾಳಿಸಿ ಹಾಳೆಯನ್ನು ಗೋಡೆಗೆ ಒರಗಿಸಿ, ಬಂದು ನನ್ನ ಕೆನ್ನೆಗೆ ಬಿಟ್ಟಿದ್ದ. “ಹೆಂಡ್ತಿ ತಮ್ಮ ಅಂತ ಒಂದಕ್ಕೇ ನಿಲ್ಲಿಸ್ದೆ,” ಅಂದಿದ್ದ. ಅದಾಗಿ ಹನ್ನೆರಡು ವರ್ಷ.

ಈಗ ಅವನು ಕೈ ತೆಗೆದಿದ್ದರೆ ಹಾಳೆಯ ಅಂಚು ನೇರ ನನ್ನ ಹೊಟ್ಟೆಗೆ ಬರುತ್ತಿತ್ತು. ಅಷ್ಟೇ ಲೆಕ್ಕ. ಎರಡನೇ ಏಟು ಮೊಣಕೈಗೆ ಬಿತ್ತು. ಮೂರನೆಯದೂ ಅಲ್ಲಿಗೇ. ಭಾವ ಪೇದೆಯ ಮುಖವನ್ನೇ ನೋಡಲಿಲ್ಲ. ನನ್ನ ಕಾಲು ನೋಡುತ್ತಿದ್ದ.

“ಇನ್ನು ಮೂರು ಹೆಜ್ಜೆ... ಅಮ್ಮಾ... ಎರಡು. ಎಡಗಾಲು ನಿಧಾನ. ಇನ್ನೊಂದು...”

ಆ ಇನ್ನೊಂದು ಹೆಜ್ಜೆ ನನಗೆ ಸಿಗಲಿಲ್ಲ. ಪೇದೆಗೆ ರೇಗಿಹೋಯಿತು. ಲಾಠಿಯನ್ನು ಕಂಕುಳಲ್ಲಿ ಸಿಕ್ಕಿಸಿ, ಹಾಳೆಯ ಮೇಲಂಚಿಗೆ ಬರಿಗೈ ಹಾಕಿ ಜಗ್ಗಿದ. ನಾವು ಅಂಗೈಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿಕೊಳ್ಳದೆ ಗಾಜು ಮುಟ್ಟುವುದಿಲ್ಲ. ಯಾರು ಪೊಲೀಸು, ಯಾರು ಕೂಲಿ ಅನ್ನುವುದು ಗಾಜಿಗೆ ಗೊತ್ತಾಗುವುದಿಲ್ಲ. ಹಾಳೆ ತಿರುಚಿ ನಡುವೆಯೇ ಒಡೆಯಿತು. ಪೇದೆಯ ಮಣಿಕಟ್ಟು ಸೀಳಿತು. ಭಾವನ ಬಲ ಅಂಗೈ ಟ್ಯೂಬಿನ ಸಮೇತ ಬಿರಿಯಿತು. ನನಗೆ ಒಂದು ಗೀರೂ ಆಗಲಿಲ್ಲ.

ಧಣಿ ಒಳಗಿಂದ ಓಡಿಬಂದವರು ಮೊದಲು ನೆಲ ನೋಡಿದರು. “ಅಯ್ಯೋ, ಎಂಟು ಮಿಲ್ಲಿ ದಪ್ಪದ ಹಾಳೆ!”

ಪೇದೆಯ ಕೈಗೆ ನಾಲ್ಕು ಹೊಲಿಗೆ ಬಿದ್ದವು, ಅದು ಕಾಗದದಲ್ಲಿದೆ. ಭಾವನ ಕೈಗೆ ಎಷ್ಟು ಬೇಕಿತ್ತೋ ಯಾರೂ ಎಣಿಸಲಿಲ್ಲ. ಹಾಗೇ ಜೀಪಿಗೆ ತುಂಬಿದರು.

*

ಯಾಕೆ ಹಿಡಿದರು ಅನ್ನುವುದು ಮರುದಿನ ಠಾಣೆಯಲ್ಲಿ ಗೊತ್ತಾಯಿತು. ಯಾವುದೋ ಬಡಾವಣೆಯಲ್ಲಿ ಕಳವಾಗಿತ್ತಂತೆ. ಕಳ್ಳನ ಎಡಗೈಯಲ್ಲಿ ಎರಡು ಬೆರಳಿರಲಿಲ್ಲವಂತೆ. ಭಾವನ ಎಡಗೈಯ ಎರಡು ಬೆರಳೂ ಎಂದೋ ಗಾಜಿಗೆ ಹೋಗಿದ್ದವು; ಯಾರೋ ನಮ್ಮ ಗಾಜಿನ ಓಣಿಯ ಕಡೆ ಬೆರಳು ತೋರಿಸಿದ್ದರು.

“ಗಾಜಿನ ಓಣೀಲಿ ಹತ್ತು ಬೆರಳೂ ಇರೋನನ್ನ ಅನುಮಾನ ಪಡಬೇಕು ಸ್ವಾಮಿ,” ಅಂದಳು ಅಕ್ಕ. “ಅವನು ಕೆಲಸ ಮಾಡಿಲ್ಲ ಅಂತ ಅರ್ಥ.”

ಅಕ್ಕ ಅದೇ ಅಂಗಡಿಯಲ್ಲಿ ಹಾಳೆ ಹಾಳೆಯ ನಡುವೆ ಹಳೇ ಪೇಪರು ಇಡುವವಳು. ಇಡುತ್ತ ಇಡುತ್ತ ಅಕ್ಷರ ಕಲಿತವಳು. ಹೆದರಿದಷ್ಟೂ ಅವಳ ನಾಲಿಗೆ ಚುರುಕು.

ಸಾಹೇಬರು ಫೈಲಿನಿಂದ ತಲೆ ಎತ್ತಲಿಲ್ಲ. “ಆ ಕಳ್ಳ ಸಿಕ್ಕಿದಾನಮ್ಮ, ನಿನ್ನೆ ಸಂಜೆನೇ. ಆ ಕೇಸು ಮುಗೀತು.”

“ಹಂಗಾದ್ರೆ ನಮ್ಮವರನ್ನ ಬಿಡಿ.”

“ಹೆಂಗೆ ಬಿಡೋಕಾಗುತ್ತೆ? ಪೊಲೀಸರ ಮೇಲೆ ಕೈ ಮಾಡಿದಾನೆ. ಕರ್ತವ್ಯಕ್ಕೆ ಅಡ್ಡಿ. ಗಾಜಿನಿಂದ ಗಾಯ.”

“ಯಾವ ಕರ್ತವ್ಯ?”

“ಅವನನ್ನ ಹಿಡಿಯೋ ಕರ್ತವ್ಯ.”

“ಯಾಕೆ ಹಿಡಿಯೋಕೆ ಬಂದ್ರಿ?”

“ಕಳ್ಳ ಅಂತ.”

“ಕಳ್ಳ ಅಲ್ಲ ಅಂತ ನೀವೇ ಈಗ ಹೇಳಿದ್ರಲ್ಲ!”

“ಅಲ್ಲ ಅಂತ ಗೊತ್ತಾಗಿದ್ದು ಆಮೇಲೆ. ಮೊದಲು ಬಾಯಿ ಮುಚ್ಕೊಂಡು ಬರಬೇಕಿತ್ತು. ಬಂದಿದ್ರೆ ಟೀ ಕುಡಿಸಿ ಕಳಿಸ್ತಿದ್ವಿ.”

ಗೋಡೆಯ ಪಕ್ಕ ಕೂತಿದ್ದ ಪೇದೆ ಕಿಸಕ್ಕನೆ ನಕ್ಕ. ಅವನ ಬಲ ಮಣಿಕಟ್ಟಿಗೆ ಬಿಳಿ ಪಟ್ಟಿ ಸುತ್ತಿತ್ತು.

“ಕೂಸೇ ಇಲ್ಲ, ಕುಲಾವಿ ಮಾತ್ರ ಉಳೀತು,” ಅಂದಳು ಅಕ್ಕ. “ಆ ಕುಲಾವಿ ನಮ್ಮೆಜಮಾನ್ರ ತಲೆಗೆ ತೊಡಿಸ್ತೀರಾ?”

“ಏಯ್, ಇವಳನ್ನ ಆಚೆ ಹಾಕ್ರೋ. ನಾಲಿಗೆ ನೋಡು ಲೌಡಿದು.”

ಒಳಗಿನ ಕಂಬಿಗಳ ಹಿಂದಿನಿಂದ ಭಾವನ ದನಿ ಬಂತು. “ಮನೆಗೆ ಹೋಗೇ. ಮಕ್ಕಳು ಸ್ಕೂಲಿಂದ ಬರೋ ಹೊತ್ತಾಯ್ತು.”

*

ವಕೀಲರ ಮೇಜಿನ ಮೇಲೆ ಹಾಸಿದ್ದ ಗಾಜು ನಮ್ಮ ಅಂಗಡಿಯದೇ. ಒಂದು ಮೂಲೆ ಒಡೆದು ಟೇಪು ಅಂಟಿಸಿದ್ದರು. ಅಕ್ಕ ಅಭ್ಯಾಸ ಬಲದಿಂದ ಆ ಟೇಪನ್ನು ಉಗುರಿನಿಂದ ಒತ್ತಿ ಸರಿಮಾಡುತ್ತ ಕೇಳಿದಳು, “ಸಾರ್, ತಪ್ಪು ಮಾಡದೋನನ್ನ ಹಿಡಿಯೋಕೆ ಬಂದ್ರೆ, ಬರಲ್ಲ ಅನ್ನೋ ಹಾಗಿಲ್ವಾ? ಹೊಡೆದ್ರೆ ತಡೆಯೋ ಹಾಗಿಲ್ವಾ? ಪುಸ್ತಕದಲ್ಲಿ ಏನಿದೆ?”

ವಕೀಲರು ಒಳ್ಳೆಯವರೇ. ದಣಿದಿದ್ದರು. ಪುಸ್ತಕ ತೆಗೆಯುವ ಶ್ರಮವನ್ನೂ ತೆಗೆದುಕೊಳ್ಳಲಿಲ್ಲ.

“ಮೈ ಉಳಿಸ್ಕೊಳ್ಳೋ ಹಕ್ಕು ಎಲ್ಲರಿಗೂ ಇದೆಯಮ್ಮ. ಆದ್ರೆ ಬಂದೋರು ಪೊಲೀಸರು ಆದ್ರೆ, ಪ್ರಾಮಾಣಿಕ ನಂಬಿಕೆಯಿಂದ ಬಂದಿದ್ರೆ, ಆ ನಂಬಿಕೆ ತಪ್ಪಾಗಿದ್ರೂ, ಎದುರು ನಿಲ್ಲೋ ಹಾಗಿಲ್ಲ. ಹೋಗಬೇಕು. ಆಮೇಲೆ ಕೋರ್ಟಲ್ಲಿ ಕೇಳಬೇಕು. ಪ್ರಾಣ ಹೋಗುತ್ತೆ, ಇಲ್ಲ ಕೈಕಾಲು ಹೋಗುತ್ತೆ ಅನ್ನೋ ಭಯ ಇದ್ದಾಗ ಮಾತ್ರ ತಡೀಬಹುದು.”

“ಯಾವ ಏಟಿಗೆ ಪ್ರಾಣ ಹೋಗುತ್ತೆ ಅಂತ ಮೊದಲೇ ಹೆಂಗೆ ಗೊತ್ತಾಗುತ್ತೆ? ನಾಲ್ಕನೇದಕ್ಕಾ, ಐದನೇದಕ್ಕಾ?”

“ಡಾಕ್ಟರು ಬರೀತಾರೆ.”

“ಸತ್ತ ಮೇಲಾ?”

ವಕೀಲರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. “ನಾನು ಬರೆದಿದ್ದಲ್ಲಮ್ಮ ಆ ಕಾನೂನು.”

ಕನ್ನಡಕ ಮತ್ತೆ ಹಾಕಿಕೊಂಡು ನನ್ನ ಕಡೆ ತಿರುಗಿದರು. “ಒಂದು ದಾರಿ ಇದೆ. ಅವನು ಗಾಜು ಹಿಡಿದಿದ್ದು ತಾನು ತಪ್ಪಿಸ್ಕೊಳ್ಳೋಕಲ್ಲ, ನಿನ್ನ ಪ್ರಾಣ ಉಳಿಸೋಕೆ. ಇನ್ನೊಬ್ಬರ ಮೈ ಉಳಿಸೋ ಹಕ್ಕೂ ಇದೆ. ಅದನ್ನ ಹೇಳೋನು ನೀನೊಬ್ಬನೇ. ಧಣಿ ಹೇಳ್ತಾರಾ?”

ಧಣಿಯನ್ನು ಬೆಳಿಗ್ಗೆಯೇ ಕೇಳಿ ಆಗಿತ್ತು. “ನಾನು ಒಳಗಿದ್ದೆ, ಏನೂ ನೋಡಿಲ್ಲ,” ಅಂದಿದ್ದರು. ಅಂಗಡಿಯ ಮೂರು ಗೋಡೆ ಗಾಜಿನವು.

“ಹಾಗಾದ್ರೆ ನಿನ್ನ ಹೇಳಿಕೆ ಒಂದೇ,” ಅಂದರು ವಕೀಲರು. “ಅದು ಹೋದ್ರೆ ಅವನು ವರ್ಷಗಟ್ಟಲೆ ಒಳಗೆ.”

*

ಮೂರನೇ ದಿನ ಬೆಳಿಗ್ಗೆ ನನ್ನನ್ನು ಠಾಣೆಗೆ ಕರೆಸಿದರು. ಮಗಳಿಗೆ ಜಡೆ ಹಾಕುತ್ತಿದ್ದೆ. ತಾಯಿ ಇಲ್ಲದ ಮಗು. ಅಕ್ಕನ ಹತ್ತಿರವೇ ಬೆಳೆಯುತ್ತಿದೆ, ಅವಳ ಎರಡು ಮಕ್ಕಳ ಜೊತೆ. ಒಂದು ಜಡೆ ಮೇಲೆ, ಒಂದು ಕೆಳಗೆ ಆಯಿತು.

“ಅತ್ತೆ ಹಾಕಿದ್ರೆ ಸರಿ ಇರುತ್ತೆ,” ಅಂದಳು ಮಗಳು. ಬಿಚ್ಚಿ ಮತ್ತೆ ಹಾಕುವಷ್ಟು ಪುರಸೊತ್ತಿರಲಿಲ್ಲ.

ಸಾಹೇಬರು ಅವತ್ತು ಬೈಯಲಿಲ್ಲ. ಕುರ್ಚಿ ಕೊಟ್ಟರು. ಬೈಗುಳಕ್ಕಿಂತ ಅದೇ ಹೆಚ್ಚು ಹೆದರಿಸಿತು; ತುದಿಯಲ್ಲಿ ಕೂತೆ. ಬರೆದು ಮುಗಿಸಿದ್ದ ಕಾಗದವೊಂದನ್ನು ಮೇಜಿಗೆ ಹಾಸಿದ್ದ ಗಾಜಿನ ಮೇಲೆ ನನ್ನ ಮುಂದೆ ತಳ್ಳಿ, ಓದಿಯೂ ಹೇಳಿದರು. ಬಂಧಿಸಲು ಹೋದಾಗ ನನ್ನ ಅಕ್ಕನ ಗಂಡನಾದ ಸದರಿಯವನು ಕೈಯಲ್ಲಿದ್ದ ಗಾಜನ್ನು ಬೇಕೆಂದೇ ಪೇದೆಯ ಮೇಲೆ ದೂಡಿದ. ನಾನು ಬೇಡ ಬೇಡವೆಂದರೂ ಕೇಳಲಿಲ್ಲ.

“ಹಾಕು ಸೈನು.”

“ಹಂಗಾಗಿಲ್ಲ ಸಾರ್. ಅವರೇ ಜಗ್ಗಿದ್ದು.”

“ಲೇ, ನಾನು ಕಥೆ ಕೇಳೋಕೆ ಕೂತಿಲ್ಲ.” ಇನ್ನೊಂದು ಹಾಳೆ ತೆಗೆದು ನನ್ನ ಕಡೆ ತಿರುಗಿಸಿದರು. ಮೊದಲನೇ ಆರೋಪಿ ಅಂತ ಬರೆದು ಭಾವನ ಹೆಸರು, ಅಪ್ಪನ ಹೆಸರು, ವಯಸ್ಸು. ಅದರ ಕೆಳಗೆ ಎರಡನೇ ಆರೋಪಿ. ಮುಂದೆ ಖಾಲಿ. “ಜಾಗ ಬಿಟ್ಟಿದೀನಿ ನೋಡು. ಆ ಕಾಗದಕ್ಕೆ ಸೈನು ಬಿದ್ರೆ ನೀನು ಸಾಕ್ಷಿ. ಬೀಳದಿದ್ರೆ ನೀನು ಇಲ್ಲಿ. ಗಾಜಿಗೆ ಇಬ್ಬರ ಕೈ ಇತ್ತಲ್ಲ?”

ಅಕ್ಕ ಬಾಗಿಲ ಬಳಿಯ ಬೆಂಚಿನ ಮೇಲಿದ್ದಳು. ಅವಳ ಕಡೆ ನೋಡಿದೆ.

“ನನ್ನ ಮುಖ ನೋಡಬೇಡ ಕಣೋ,” ಅಂದಳು. ಅವಳ ದನಿಯಲ್ಲಿ ಯಾವ ಚುರುಕೂ ಇರಲಿಲ್ಲ. “ಹಾಕು ಅಂತಾನೂ ಬಾಯಿಗೆ ಬರಲ್ಲ, ಬೇಡ ಅಂತಾನೂ ಬರಲ್ಲ. ಎರಡೂ ನನ್ನ ಹೊಟ್ಟೆಗೇ ಒದೆ.”

ಸಾಹೇಬರು ಸನ್ನೆ ಮಾಡಿದರು. ಭಾವನನ್ನು ಹೊರಗೆ ಕರೆತಂದರು. ಬಲಗೈಗೆ ಯಾವುದೋ ಹಳೇ ಬಟ್ಟೆ ಸುತ್ತಿತ್ತು; ರಕ್ತ ಕಂದಿ ಒಣಗಿ ಅಟ್ಟೆಯಂತಾಗಿತ್ತು. ಮೊಣಕೈ ಊದಿ ಮಡಚಲು ಬಾರದೆ ತೋಳು ನೇರ ಜೋತಾಡುತ್ತಿತ್ತು. ಆ ತೋಳು ಇನ್ನು ಹಾಳೆ ಎತ್ತುವುದಿಲ್ಲ ಅನ್ನುವುದು ನಮ್ಮ ಕೆಲಸದವರಿಗೆ ಯಾವ ಡಾಕ್ಟರೂ ಬರೆದುಕೊಡಬೇಕಿಲ್ಲ.

“ಹೇಳೋ ನಿನ್ನ ಭಾಮೈದನಿಗೆ,” ಅಂದರು ಸಾಹೇಬರು.

ಭಾವ ಕಾಗದ ನೋಡಿದ. ನನ್ನ ನೋಡಿದ. “ಹಾಕಿಬಿಡು ಮಾರಾಯ.”

“ಏನು?”

“ಹಾಕು. ನನ್ನ ಕೈ ಹೆಂಗೂ ಹೋಯ್ತು. ಮೂರು ಮಕ್ಕಳಿದಾವೆ, ಇವಳೊಬ್ಬಳೇ ಏನು ಮಾಡ್ತಾಳೆ? ಮನೇಲಿ ಒಂದು ದುಡಿಯೋ ಕೈ ಉಳೀಲಿ. ನನ್ನ ಬಿಟ್ಟು ನಿಮ್ಮಷ್ಟಕ್ಕೆ ನೀವು ಹೋಗಿ.”

ನನಗೆ ಅಳು ಬರಬೇಕಿತ್ತು. ಬಂದಿದ್ದು ಸಿಟ್ಟು. ಎಂಥ ಸಿಟ್ಟೆಂದರೆ ಅಲ್ಲೇ ಅವನ ಕೆನ್ನೆಗೆ ಬಾರಿಸಬೇಕು ಅನಿಸಿತು. ಹನ್ನೆರಡು ವರ್ಷ ನನಗೆ ಪಾಠ ಹೇಳಿದವನು, ಹಲಗೆಯ ಮೇಲೆ ಮೂಳೆ ಮುರಿದರೂ ಸರಿದು ನಿಲ್ಲದವನು, ಈಗ ನನ್ನನ್ನು ಒಂದು ಮಾತೂ ಕೇಳದೆ ಕೈ ತೆಗೆಯುತ್ತಿದ್ದ.

“ಕೇಳ್ದೆ ತೆಗೀಬೇಡ ಭಾವ,” ಅಂದೆ. “ಅಕ್ಕನ ಗಂಡ ಅಂತ ಸುಮ್ಮನಿದೀನಿ.”

ಭಾವ ನೆಲ ನೋಡಿದ, ನನ್ನ ಕಾಲು ಎಲ್ಲಿದೆ ಅಂತ ನೋಡುವವನ ಹಾಗೆ.

ನಾನು ಪೆನ್ನು ತೆಗೆದುಕೊಂಡೆ. ಸಾಹೇಬರು ಸಾಕ್ಷಿಯ ಕಾಗದವನ್ನು ನನ್ನ ಹತ್ತಿರ ಸರಿಸಿದರು. ನಾನು ಇನ್ನೊಂದನ್ನು ಎಳೆದುಕೊಂಡೆ. ಎರಡನೇ ಆರೋಪಿ ಅಂತಿದ್ದ ಕಡೆ ನನ್ನ ಹೆಸರು ಬರೆದೆ. ಅಪ್ಪನ ಹೆಸರು ಬರೆದೆ. ವಯಸ್ಸು ಬರೆದೆ. ಅದರ ಕೆಳಗೆ ನನ್ನ ಅಂಕುಡೊಂಕು ಅಕ್ಷರದಲ್ಲಿ, ಅವನು ಗಾಜು ಹಿಡಿದಿದ್ದು ನಾನು ಸಾಯಬಾರದು ಅಂತ, ಪೊಲೀಸರೇ ಎಳೆದರು ಅಂತ ಬರೆದು, ಸೈನು ಹಾಕಿ, ಪೆನ್ನು ಮುಚ್ಚಿ ಇಟ್ಟೆ.

ಸಾಹೇಬರು ಓದಿದರು. ಕಿವಿ ಕೆಂಪಾಯಿತು. “ಹಲ್ಕಾ ನನ್ಮಗನೆ, ಕುರ್ಚಿ ಕೊಟ್ಟಿದ್ದು ನನ್ನ ತಪ್ಪು.” ಕುರ್ಚಿಗೆ ಒದ್ದರು. ಕುರ್ಚಿಯ ಜೊತೆ ನಾನೂ ಬಿದ್ದೆ. “ಬೇಡಿ ಹಾಕೋ ಇವನಿಗೆ!”

ಪೇದೆ ಬಂದ. ನಾನು ಎದ್ದು ನಿಂತೆ. ಒಂದು ಕೈಗೆ ಹಾಕಿ ಆಯಿತು. ಬೇಡಿಯ ಇನ್ನೊಂದು ಬಳೆಯ ಬೀಗ ಸಿಕ್ಕಿಕೊಂಡಿತ್ತು. ಹೊಲಿಗೆ ಹಾಕಿದ ಬಲಗೈಗೆ ಬಲ ಸಾಲದು. ಎಡಗೈಯಲ್ಲಿ ಬೀಗದ ಕೈ. ಬೇಡಿಯ ಸರಪಳಿ ಹಿಡಿಯಲು ಅವನಿಗೆ ಮೂರನೇ ಕೈ ಬೇಕಿತ್ತು.

“ಏಯ್,” ಅಂದ ನನಗೆ, ಸಹಜವಾಗಿ, ಜೊತೆ ಕೆಲಸದವನಿಗೆ ಹೇಳುವ ಹಾಗೆ. “ಈ ತುದಿ ಸ್ವಲ್ಪ ಹಿಡ್ಕೋ.”

ದಿನಕ್ಕೆ ಐವತ್ತು ಸಲ ಕೇಳುವ ಮಾತು. ಯಾರು ಯಾವ ತುದಿ ಚಾಚಿದರೂ ನನ್ನ ಕೈ ತಾನಾಗಿ ಹೋಗುತ್ತದೆ. ಈಗಲೂ ಹೋಯಿತು, ಅರ್ಧದವರೆಗೆ. ಅಷ್ಟರಲ್ಲಿ ಭಾವನ ಜೋತುಬಿದ್ದ ತೋಳು ಕಣ್ಣಿಗೆ ಬಿತ್ತು. ಕೈ ಹಿಂದಕ್ಕೆ ತೆಗೆದುಕೊಂಡೆ. ಪೇದೆಯನ್ನು ಕೇಳಲಿಲ್ಲ, ಹೇಳಲಿಲ್ಲ.

ಬೇಡಿಯ ತುದಿ ಅವನ ಬೆರಳಿಂದ ಜಾರಿ ಮೇಜಿನ ಮೇಲಿನ ಗಾಜಿಗೆ ಬಡಿಯಿತು. ಗಾಜು ಮೂಲೆಯಿಂದ ಮೂಲೆಗೆ ಬಿರುಕು ಬಿಟ್ಟಿತು.

ಸಾಹೇಬರು ಲಾಠಿಗೆ ಕೈ ಹಾಕಿದರು.

ಬೆಂಚಿನಿಂದ ಅಕ್ಕ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಜಿನ ಹತ್ತಿರ ಬಂದಳು. ನಾನು ಮುಚ್ಚಿಟ್ಟಿದ್ದ ಪೆನ್ನಿನ ಮುಚ್ಚಳ ತೆಗೆದು ಸಾಹೇಬರ ಮುಂದೆ ಹಿಡಿದಳು.

“ಬರ್ಕೊಳಿ ಸ್ವಾಮಿ. ಮೊನ್ನೆ ಗಾಜು ಬಿಡಲಿಲ್ಲ ಅಂತ ಕೇಸು. ಇವತ್ತು ಬೇಡಿ ಹಿಡೀಲಿಲ್ಲ ಅಂತ ಹಾಕಿ.”