ಆಕ್ಷನ್ ಭಾಳ ಐತ್ರಿ

ಕುಂದಲಹಳ್ಳಿಯ ಶಿವಶಂಕರನಿಗೆ ಒಳ್ಳೆಯ ಹೆಸರೇ ಇತ್ತು, ಆದರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಮೇಲಿನ ಮೂರು ಮಹಡಿಗಳ ಬಾಡಿಗೆಯವರಿಗೆ ಅವನು ಓನರ್ ಅಂಕಲ್. ನೀರಿನ ಟ್ಯಾಂಕರಿನವನಿಗೆ ಓನರ್ ಸಾರ್. ಮೂಲೆಯ ಬೇಕರಿಯವನಿಗೆ ಬರೀ ಓನರ್. ತಾತನ ರಾಗಿ ಹೊಲದ ಮೇಲೆ ಅಪ್ಪ ವೆಂಕಟೇಶಪ್ಪ ಕಟ್ಟಿಸಿ ಹೋದ ಕಟ್ಟಡದ ಮುಂದೆ ಕುರ್ಚಿ ಹಾಕಿಕೊಂಡು ಕೂರುವುದನ್ನು ಬಿಟ್ಟರೆ ಅವನಿಗೆ ಬೇರೆ ಉದ್ಯೋಗವಿರಲಿಲ್ಲ. ಆ ಕುರ್ಚಿಯನ್ನೂ ಹೆಂಡತಿ ಬಿಂದುಶ್ರೀಯೇ ತಂದು ಹಾಕಬೇಕಿತ್ತು. ಅವಳು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ರಸ್ತೆಗಿಳಿದರೆ ಸಾಕು, ಮಕ್ಕಳು “ಮಿಸ್, ಮಿಸ್” ಎಂದು ಕೈಬೀಸುತ್ತಿದ್ದವು. ಆಗೆಲ್ಲ ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ನಿಂತ ಶಿವಶಂಕರನಿಗೆ ಸಣ್ಣಗೆ ಹೊಟ್ಟೆ ಉರಿಯುತ್ತಿತ್ತು. ಅಪ್ಪ ಬಿಟ್ಟುಹೋದ ಕಟ್ಟಡದಿಂದಲ್ಲ, ತನ್ನ ಕೈಯಾರೆ ಮಾಡಿದ ಕೆಲಸದಿಂದ ಒಬ್ಬನಾದರೂ ತನ್ನನ್ನು ಗುರುತಿಸಬೇಕು ಎಂಬ ಆಸೆ ನಲವತ್ತು ದಾಟಿದ ಮೇಲೆ ಅವನಿಗೆ ಹತ್ತಿಕೊಂಡಿತು. ಕೈಗೆ ಯಾವ ಕೆಲಸವೂ ಬರುತ್ತಿರಲಿಲ್ಲ ಎಂಬುದೊಂದೇ ತೊಡಕು.

ಆ ಹೊತ್ತಿಗೆ ಸರಿಯಾಗಿ ಮೇಲಿನ ಮನೆ ಖಾಲಿ ಮಾಡಿದ ಹುಡುಗರು ಪೊರಕೆ, ಬಕೆಟ್ಟುಗಳ ಜೊತೆ ಕುತ್ತಿಗೆ ಮುರಿದ ಒಂದು ಎಲೆಕ್ಟ್ರಿಕ್ ಗಿಟಾರನ್ನೂ ಬಿಟ್ಟುಹೋದರು. ಶಿವಶಂಕರ ಅದನ್ನು ಎತ್ತಿಕೊಂಡು ಬಂದು ಮೊಬೈಲಿನಲ್ಲಿ ರಿಪೇರಿಯ ವೀಡಿಯೊ ಹುಡುಕಿದ. ಯಾವುದೋ ದೇಶದ ಗಡ್ಡದವನೊಬ್ಬ ಮಗುವಿಗೆ ಎಣ್ಣೆ ತೀಡುವವನಂತೆ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅಂಟು ಹಚ್ಚುತ್ತಿದ್ದ. ಅವನ ಇಂಗ್ಲಿಷು ಎಕ್ಸ್‌ಪ್ರೆಸ್ ರೈಲು, ನಮ್ಮವನ ಸ್ಟೇಷನ್ನಿನಲ್ಲಿ ನಿಲ್ಲುತ್ತಿರಲಿಲ್ಲ. ಹಾಗಾಗಿ ಶಿವಶಂಕರ ಸದ್ದನ್ನು ಪೂರ್ತಿ ತೆಗೆದು ಬರೀ ಕೈಗಳನ್ನು ನೋಡಿ ವಿದ್ಯೆ ಕಲಿತ. ಮುಂದಿನ ಅನಾಹುತಗಳಿಗೆಲ್ಲ ಅದೇ ಬೇರು.

ಮೊದಲ ಗಿಟಾರಿನ ಕುತ್ತಿಗೆಗೆ ಬಡಗಿಯ ಅಂಟು ಬಳಿದು, ಬಟ್ಟೆ ಒಣಹಾಕುವ ಹಗ್ಗದಿಂದ ಬಿಗಿದು ಕಟ್ಟಿದ. ಮರುದಿನ ನೋಡಿದರೆ ಕುತ್ತಿಗೆ ಗಟ್ಟಿಯಾಗಿ ಕೂತಿತ್ತು, ಹಗ್ಗವೂ ಅದರ ಜೊತೆಗೇ ಗಟ್ಟಿಯಾಗಿ ಕೂತಿತ್ತು. ಹಗ್ಗ ಕೀಳಲು ಹೋಗಿ ಕುತ್ತಿಗೆ ಇನ್ನೊಂದು ಕಡೆ ಮುರಿಯಿತು. ಕುಣಿಯಲಾರದವಳು ನೆಲ ಡೊಂಕು ಎಂದಂತೆ, ಈ ಗಿಟಾರಿನ ಮರವೇ ಸರಿಯಿಲ್ಲ ಎಂದು ತೀರ್ಮಾನಿಸಿ, ಆನ್‌ಲೈನಿನಲ್ಲಿ ಬೇರೆ ಹಾಳಾದ ಗಿಟಾರು ಹುಡುಕತೊಡಗಿದ.

ಅಲ್ಲೊಂದು ಹೊಸ ಲೋಕವೇ ತೆರೆದುಕೊಂಡಿತು. ಬೆಂಗಳೂರಿನಲ್ಲಿ ಇಷ್ಟೊಂದು ಜನ ಗಿಟಾರು ಕೊಂಡು, ಇಷ್ಟು ಬೇಗ ಕೆಡಿಸಿ, ಇಷ್ಟು ಸಲೀಸಾಗಿ ಮಾರುತ್ತಾರೆಂದು ಅವನಿಗೆ ಗೊತ್ತಿರಲಿಲ್ಲ. ಜಾಹೀರಾತುಗಳೆಲ್ಲ ಮದುವೆ ದಲ್ಲಾಳಿಯ ಮಾತಿನಂತಿದ್ದವು. ಹುಡುಗ ಚಿನ್ನ, ಸ್ವಲ್ಪ ಮುಂಗೋಪ ಅಷ್ಟೇ ಎಂದರೆ ಅರ್ಥವೇನೆಂದು ಊರಿಗೇ ಗೊತ್ತು. ಗಿಟಾರು ಸೂಪರ್, ಸ್ವಲ್ಪ ಕೆಲಸ ಇದೆ ಎಂದರೆ ಅರ್ಥವೇನೆಂದು ಶಿವಶಂಕರನಿಗೆ ಮಾತ್ರ ಗೊತ್ತಿರಲಿಲ್ಲ. ಎರಡನೆಯ ಗಿಟಾರಿನ ಜೊತೆ ಒಂದು ಹಳೆಯ ಸ್ಪೀಕರ್ ಪೆಟ್ಟಿಗೆಯೂ ಬಂತು. ಅದರ ವಯರುಗಳನ್ನು ತನಗೆ ತೋಚಿದಂತೆ ಜೋಡಿಸಿ ಸ್ವಿಚ್ ಒತ್ತಿದ. ಢಪ್ ಎಂದಿತು. ಮೂರೂ ಮಹಡಿಗಳ ಕಂಪ್ಯೂಟರುಗಳು ಒಟ್ಟಿಗೆ ಕಣ್ಣು ಮುಚ್ಚಿದವು, ಬಾಡಿಗೆಯವರು ಬಾಲ್ಕನಿಗಳಿಂದ ಏಳೆಂಟು ಭಾಷೆಗಳಲ್ಲಿ ಓನರನನ್ನು ವಿಚಾರಿಸಿಕೊಂಡರು.

“ಕೆಲ್ಸ ಇಲ್ದಿದ್ ಬಡಗಿ ಮಗನ್ ಕುಂಡಿ ಕೆತ್ತಿದ್ನಂತೆ,” ಎಂದಳು ತಾಯಿ ಪಿಳ್ಳಮ್ಮ, ಕತ್ತಲಲ್ಲಿ ಎಲೆ ಅಡಿಕೆ ಹುಡುಕುತ್ತ. “ಆ ತಂಬೂರಿ ಎತ್ತಿ ಒಲೆಗಿಕ್ಕು. ಸ್ನಾನಕ್ಕಾದ್ರೂ ನೀರ್ ಕಾಯ್ತದೆ.”

ಎರಡನೆಯದೂ ಅಟ್ಟ ಸೇರಿತು. ಮೂರನೆಯದು ಎಲೆಕ್ಟ್ರಾನಿಕ್ ಸಿಟಿಯ ಕಡೆಯಿಂದ ಬಂದ ನೀಲಿ ಗಿಟಾರು. ಅದರ ಮೈ ನೆಟ್ಟಗಿತ್ತು, ಒಳಗೆ ಒಂದು ವಯರು ಬಿಟ್ಟುಕೊಂಡಿತ್ತು ಅಷ್ಟೇ. ಶಿವಶಂಕರ ಬೆರಳು ಸುಟ್ಟುಕೊಂಡು, ಲುಂಗಿ ಸುಟ್ಟುಕೊಂಡು, ಅದಕ್ಕೆ ಬೆಸುಗೆ ಹಾಕಿದ. ಅಂಗಡಿಯಲ್ಲಿ ಸರಿಮಾಡಿಸಿ ತಂದ ಸ್ಪೀಕರ್ ಪೆಟ್ಟಿಗೆಗೆ ಜೋಡಿಸಿ ಮೀಟಿದರೆ ಟೊಂಯ್ ಎಂದಿತು! ಅವನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲವಾದ್ದರಿಂದ ಅಂದು ದಿನವೆಲ್ಲ ಟೊಂಯ್ ಎನ್ನಿಸುತ್ತಲೇ ಕೂತ. ಟೊಂಯ್ ಎಂದಮೇಲೆ ರಿಪೇರಿಯಾಯಿತು ಎಂದೇ ಅವನ ನಂಬಿಕೆ.

ಇನ್ನು ನುಡಿಸುವವರು ಬೇಕಲ್ಲ. ಎರಡನೇ ಮಹಡಿಯಲ್ಲಿ ಗದಗಿನ ಶೈಲಾ ಇದ್ದಳು. ಹತ್ತಿರದ ಟೆಕ್ ಪಾರ್ಕಿನಲ್ಲಿ ಕೆಲಸ. ಆಫೀಸಿನ ರಾಜ್ಯೋತ್ಸವದಲ್ಲಿ ಗಿಟಾರು ಬಾರಿಸಲು ಒಪ್ಪಿಕೊಂಡು, ಗಿಟಾರನ್ನು ಊರಲ್ಲೇ ಬಿಟ್ಟುಬಂದು ಒದ್ದಾಡುತ್ತಿದ್ದಳು. ಶಿವಶಂಕರ ಅವಳನ್ನು ಕೆಳಗೆ ಕರೆಸಿದ. ಸುಮ್ಮನೆ ಕರೆಸಿದರೆ ಆಗುತ್ತಿತ್ತು. ಆದರೆ ಅವನು ಗಿಟಾರಿಗೆ ಕುಂಕುಮವಿಟ್ಟು, ಕುತ್ತಿಗೆಗೆ ಮಲ್ಲಿಗೆ ಸುತ್ತಿ, ಕುರ್ಚಿಯ ಮೇಲೆ ಮದುಮಗನಂತೆ ಕೂರಿಸಿದ್ದ. ತಾನೂ ಕಪ್ಪು ಕನ್ನಡಕ ಏರಿಸಿ, ಕೈಗೆ ಚಿನ್ನದ ಬ್ರೇಸ್‌ಲೆಟ್ ಹಾಕಿ, ಗಿಟಾರಿನ ಚಿತ್ರವಿದ್ದ ಟೀ ಶರ್ಟು ತೊಟ್ಟಿದ್ದ. ಅದು ಹೊಟ್ಟೆಯ ಮೇಲೆ ಹಿಗ್ಗಿ ಚಿತ್ರದ ಗಿಟಾರು ವೀಣೆಯಂತೆ ಕಾಣುತ್ತಿತ್ತು.

“ನೋಡಮ್ಮ, ಇದು ಸತ್ತೇ ಹೋಗಿತ್ತು,” ಎಂದು ಶುರುಮಾಡಿದ. “ಬೆಂಗ್ಳೂರಲ್ಲಿ ಇದನ್ನ ಬದುಕಿಸೋರು ಯಾರಿದಾರೆ ಹೇಳು? ಸುಮ್ನೆ ಹೇಳ್ತಿಲ್ಲ, ಈ ಕೈಗೆ ಅದೇನೋ ಒಲಿದುಬಿಟ್ಟಿದೆ...”

ಶೈಲಾ ಮಲ್ಲಿಗೆಯನ್ನು ಬಿಡಿಸಿಟ್ಟು, ಗಿಟಾರು ತೆಗೆದುಕೊಂಡು, ತಂತಿ ಒತ್ತಿ ಒಂದೆರಡು ಸಲ ಮೀಟಿದಳು. ಹುಬ್ಬು ಗಂಟಿಕ್ಕಿ ಬೆರಳ ತುದಿ ಉಜ್ಜಿಕೊಂಡಳು.

“ಅಂಕಲ್, ತಪ್ಪು ತಿಳ್ಕೋಬ್ಯಾಡ್ರಿ. ಆಕ್ಷನ್ ಭಾಳ ಐತ್ರಿ. ಒಂಚೂರು ಕಮ್ಮಿ ಮಾಡ್ರಿ. ಮಾಡಿದ್ರ ರಾಜ್ಯೋತ್ಸವದಾಗ ಇದನ್ನ ಬಾರಸ್ತೀನಿ, ನೀವ ರಿಪೇರಿ ಮಾಡಿದ್ದು ಅಂತ ಎಲ್ಲಾರಿಗೂ ಹೇಳ್ತೀನಿ.”

ಅಷ್ಟು ಹೇಳಿ, ಆಫೀಸಿಗೆ ಹೊತ್ತಾಯಿತೆಂದು ಗಿಟಾರು ಕೆಳಗಿಟ್ಟು ಓಡಿದಳು.

ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಶಿವಶಂಕರನಿಗೆ, ಸಿನಿಮಾ ಬಿಟ್ಟರೆ, ಆಕ್ಷನ್ ಎಂಬ ಮಾತಿಗೆ ಒಂದೇ ಅರ್ಥ. ಗಲ್ಲಿಯಲ್ಲಿ ಯಾವನಾದರೂ ಎದೆ ಉಬ್ಬಿಸಿಕೊಂಡು ನಡೆದರೆ “ಏನ್ ಗುರು, ಜಾಸ್ತಿ ಆಕ್ಷನ್ನು?” ಎಂದು ಕೇಳುತ್ತಾರಲ್ಲ, ಅದೇ ಆಕ್ಷನ್. ಜಂಭ, ನಾಟಕ, ಬಿಲ್ಡಪ್ಪು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂಬ ಗಾದೆಯನ್ನು ಈ ಹುಡುಗಿ ಎಷ್ಟು ಮರ್ಯಾದೆಯಾಗಿ ಹೇಳಿಬಿಟ್ಟಳು! ಗದಗಿನ ಕಡೆಯವರು ಮುಖಕ್ಕೆ ಹೊಡೆದಂತೆ ಮಾತಾಡುತ್ತಾರೆ, ಮನಸ್ಸಿನಲ್ಲಿ ಏನೂ ಇರುವುದಿಲ್ಲ ಎಂದು ಕೇಳಿದ್ದ. ಕೇಳಿದ್ದರೂ ಕಿವಿ ಬಿಸಿಯಾಯಿತು. ಕನ್ನಡಕ ತೆಗೆದು ಅದರ ಗಾಜಿನಲ್ಲಿ ತನ್ನನ್ನೇ ನೋಡಿಕೊಂಡ. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅದೇ ಹೆಚ್ಚು ನೋಯಿಸಿದ್ದು.

ಅವತ್ತಿನಿಂದ ಶಿವಶಂಕರ ಆಕ್ಷನ್ ಕಮ್ಮಿ ಮಾಡತೊಡಗಿದ. ಗಿಟಾರಿನದಲ್ಲ, ತನ್ನದು. ಗಿಟಾರನ್ನು ಚೀಲದೊಳಗೆ ಹಾಕಿ ಮೂಲೆಗಿಟ್ಟ, ಅದರಲ್ಲಿ ಮಾಡುವುದಿನ್ನೇನಿದೆ? ಬ್ರೇಸ್‌ಲೆಟ್ ಬೀರುವಿಗೆ ಹೋಯಿತು. ಕಟ್ಟಡದ ಮುಂದಿನ ಕುರ್ಚಿ ಒಳಗೆ ಬಂತು, ಅದನ್ನೂ ತಾನೇ ಎತ್ತಿ ತಂದ. ಹೊಸ ಬಾಡಿಗೆಯವರನ್ನು ನಿಲ್ಲಿಸಿಕೊಂಡು, ಇದೆಲ್ಲ ನಮ್ಮ ತಾತನ ಹೊಲ, ಆ ಟೆಕ್ ಪಾರ್ಕಿನ ಗೇಟು ಇದೆಯಲ್ಲ, ಅಲ್ಲಿ ನಮ್ಮ ಎಮ್ಮೆ ಕಟ್ಟುತ್ತಿದ್ದರು ಎಂದು ಹೇಳುವ ಕಥೆಯನ್ನು ನುಂಗಿಕೊಂಡ. ಯಾರಾದರೂ ನಲ್ಲಿ ಸೋರುತ್ತಿದೆ ಎಂದರೆ, “ಬಾಡಿಗೆಗೆ ಬರೋವಾಗ ಸರಿಯಾಗೇ ಇತ್ತಲ್ಲ?” ಎಂದು ವಾದಕ್ಕೆ ನಿಲ್ಲದೆ, ಪ್ಲಂಬರ್ ನಲ್ಲಪ್ಪನ ಹಿಂದೆ ತಾನೂ ಹೋಗಿ ಸ್ಪ್ಯಾನರ್ ಹಿಡಿದು ನಿಂತ.

ಮನೆಯವರು ಗಾಬರಿಯಾದರು. “ರೀ, ಒಂದ್ಸಲ ಬಿ.ಪಿ. ಚೆಕ್ ಮಾಡಿಸ್ಕೊಂಡು ಬರೋಣ,” ಎಂದಳು ಬಿಂದುಶ್ರೀ. ಪಿಳ್ಳಮ್ಮ ಡಾಕ್ಟರಿಗೆಲ್ಲ ಕಾಯಲಿಲ್ಲ. ಉಪ್ಪು, ಮೆಣಸಿನಕಾಯಿ ಇಳಿ ತೆಗೆದು ಕೆಂಡಕ್ಕೆ ಹಾಕಿದಳು. “ಯಾವಳ್ ಕಣ್ಣು ಬಿತ್ತೋ, ನನ್ ಮಗ ಇಂಗೆ ಮೆತ್ತಗಾಗೋದ,” ಎಂದು ಕಣ್ಣೊರೆಸಿಕೊಂಡಳು. ಮೆಣಸಿನಕಾಯಿ ಘಾಟಿಗೆ ಶಿವಶಂಕರನೂ ಕಣ್ಣೊರೆಸಿಕೊಂಡ.

ರಾಜ್ಯೋತ್ಸವ ಹತ್ತಿರ ಬಂತು. ಒಂದು ಸಂಜೆ ಶೈಲಾ ಬಾಗಿಲಿಗೆ ಬಂದು, “ಅಂಕಲ್, ಕಮ್ಮಿ ಮಾಡಿದ್ರೇನ್ರಿ?” ಎಂದಳು.

“ಮಾಡಿದ್ದೀನಮ್ಮ,” ಎಂದ ಶಿವಶಂಕರ ತಲೆ ತಗ್ಗಿಸಿ. “ನೀನೇ ನೋಡ್ತಿದೀಯಲ್ಲ.”

ಶೈಲಾ ಒಳಗೆ ಬಂದು, ಮೂಲೆಯ ಚೀಲದಿಂದ ಗಿಟಾರು ತೆಗೆದು ನುಡಿಸಲು ನೋಡಿದಳು. ಮುಖ ಹಿಂಡಿದಳು. “ಎಲ್ಲಿ ಅಂಕಲ್, ಹಂಗ ಐತಲ್ರಿ! ಒಂಚೂರೂ ಕಮ್ಮಿ ಆಗಿಲ್ಲ.”

ಶಿವಶಂಕರನ ಸಹನೆ ಅಲ್ಲಿಗೆ ಮುಗಿಯಿತು. “ಇನ್ನೆಷ್ಟಮ್ಮ ಕಮ್ಮಿ ಮಾಡ್ಲಿ?” ಎಂದು ಕೂಗಿದ. “ಬ್ರೇಸ್‌ಲೆಟ್ ತೆಗ್ದೆ. ಕನ್ನಡಕ ತೆಗ್ದೆ. ಹೊರಗಡೆ ಕೂರೋದ್ ಬಿಟ್ಟೆ. ಯಾರ್ ಹತ್ರಾನೂ ದೊಡ್ಡದಾಗಿ ಮಾತಾಡಿಲ್ಲ. ನಲ್ಲಪ್ಪನ ಸ್ಪ್ಯಾನರ್ ಹಿಡ್ಕೊಂಡು ನಿಂತಿದ್ದೀನಮ್ಮ, ಸ್ಪ್ಯಾನರು! ಇನ್ನೇನ್ ಮಾಡ್ಬೇಕು, ನಿಮ್ ಮನೆ ಕಸ ಗುಡಿಸ್ಲಾ?”

ಶೈಲಾಳಿಗೆ ಈಗ ಅರ್ಥವಾಯಿತು. ನಗಬಾರದೆಂದು ತುಟಿ ಕಚ್ಚಿಕೊಂಡು, ಗಿಟಾರನ್ನು ಅಡ್ಡ ಹಿಡಿದು ತೋರಿಸಿದಳು. “ಅಂಕಲ್, ಈ ತಂತಿಗೂ ಕೆಳಗಿನ ಕಟ್ಟಿಗಿಗೂ ನಡುವ ಸಂದು ಐತಲ್ರಿ, ಅದಕ್ಕ ಆಕ್ಷನ್ ಅಂತಾರ್ರಿ. ಇದು ಭಾಳ ಎತ್ತರ ಆಗೇತಿ. ಒತ್ತಿದ್ರ ಬೆರಳು ಕೊಯ್ತಾವು. ನಾ ನಿಮಗ ಅಂದಿಲ್ರಿ...”

ಅಡುಗೆಮನೆಯ ಬಾಗಿಲಲ್ಲಿದ್ದ ಬಿಂದುಶ್ರೀ ಸೆರಗು ಬಾಯಿಗಿಟ್ಟುಕೊಂಡು ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಅವಳ ಭುಜ ಕುಲುಕುವುದು ನಿಲ್ಲಲೇ ಇಲ್ಲ. ಶಿವಶಂಕರನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಈ ನೀಲಿ ಗಿಟಾರಿನ ಜಾಹೀರಾತಿನಲ್ಲಿ ‘ಹೈ ಆಕ್ಷನ್’ ಎಂದು ಬರೆದಿದ್ದು ನೆನಪಾಯಿತು. ಸಿನಿಮಾ ಪೋಸ್ಟರಿನ ಹೊಗಳಿಕೆಯಂತೆ ಅದನ್ನು ಓದಿಕೊಂಡು, ಬೇರೆಯವರು ಹಾರಿಸಿಕೊಂಡು ಹೋದಾರೆಂದು ಅವಸರದಲ್ಲಿ ಕೊಂಡಿದ್ದ!

ಶೈಲಾ ತೋರಿಸಿದ ಪುಟ್ಟ ತಿರುಪುಗಳನ್ನು ಅವನು ಒಂದೊಂದಾಗಿ ತಿರುಗಿಸಿದ. ಈ ಸಲ ಭಾಷಣವಿರಲಿಲ್ಲ. ಒಂದು ಸುತ್ತು, ಅವಳು ಒತ್ತಿ ನೋಡುವುದು, ಇನ್ನೂ ಅರ್ಧ ಸುತ್ತು. ಕೊನೆಗೆ ಅವಳು ತಲೆಯಾಡಿಸಿ, ಪೆಟ್ಟಿಗೆಗೆ ಜೋಡಿಸಿ ನುಡಿಸಿದಳು. ಟೊಂಯ್ ಎನ್ನುತ್ತಿದ್ದ ವಸ್ತು ಹಾಡಿತು. ಅವಳ ಬೆರಳುಗಳು ತಂತಿಯ ಮೇಲೆ ಸಲೀಸಾಗಿ ಓಡಾಡಿದವು. ತಾನು ಸುಟ್ಟುಕೊಂಡ ಬೆರಳು, ಸುಟ್ಟುಕೊಂಡ ಲುಂಗಿ ಎಲ್ಲವೂ ಸಾರ್ಥಕ ಎನಿಸಿ, ಶಿವಶಂಕರ ಹೆಂಡತಿಯ ಎದುರಿಗೇ ಕಣ್ಣು ತುಂಬಿಕೊಂಡ. ಈ ಸಲ ಮೆಣಸಿನಕಾಯಿಯ ನೆಪವೂ ಇರಲಿಲ್ಲ.

ಶೈಲಾ ಗಿಟಾರು ಹೊತ್ತು ಮೇಲೆ ಹೋದ ಮೇಲೆ ಬಿಂದುಶ್ರೀ ಪಕ್ಕದಲ್ಲಿ ಬಂದು ಕೂತಳು. “ಗಿಟಾರ್ ವಿಷ್ಯ ನಂಗೊತ್ತಿಲ್ಲ ರೀ. ನಿಮ್ದು ಕಮ್ಮಿ ಆಗಿದ್ದು ಮಾತ್ರ ಒಳ್ಳೇದೇ ಆಯ್ತು. ಅದನ್ನ ಮತ್ತೆ ಎತ್ತರಿಸ್ಬೇಡಿ.”

ರಾಜ್ಯೋತ್ಸವದ ದಿನ ಟೆಕ್ ಪಾರ್ಕಿನೊಳಗೆ ಹೋಗಲು ಪಾಸಿಲ್ಲದ ಶಿವಶಂಕರ, ತಾತನ ಎಮ್ಮೆ ಕಟ್ಟುತ್ತಿದ್ದ ಗೇಟಿನ ಹೊರಗೇ ನಿಂತು ಸ್ಪೀಕರಿಗೆ ಕಿವಿಗೊಟ್ಟ. ಗಿಟಾರು ಕೇಳಿಸಿತು. ಕೊನೆಗೆ ಶೈಲಾ ಮೈಕಿನಲ್ಲಿ ಏನೋ ಹೇಳಿದಳು, ಚಪ್ಪಾಳೆಯಲ್ಲಿ ಅದು ಸರಿಯಾಗಿ ಕೇಳಿಸಲಿಲ್ಲ. ತನ್ನ ಹೆಸರಿರಬಹುದು ಎಂದುಕೊಂಡ. ಇಲ್ಲದಿರಲೂಬಹುದು. ಅವಳನ್ನೇ ಕೇಳಲು ನಾಚಿಕೆಯಾಗಿ ಮನೆಗೆ ಹೊರಟುಬಿಟ್ಟ.

ಮುಂದಿನ ಭಾನುವಾರ ಮೂರನೇ ಮಹಡಿಯ ನಲ್ಲಿ ಕೆಟ್ಟಿತು. ನಲ್ಲಪ್ಪ ಊರಿಗೆ ಹೋಗಿದ್ದರಿಂದ ಶಿವಶಂಕರ ತಾನೇ ವಾಷರು ಹಾಕಲು ಹೋಗಿ, ತಲೆಯಿಂದ ಕಾಲಿನವರೆಗೆ ನೆನೆದು ನಿಂತಿದ್ದ. ಆಗ ಕೆಳಗಿನ ಗೇಟಿನ ಬಳಿ ಯಾರದೋ ದನಿ ಕೇಳಿಸಿತು.

“ಅಜ್ಜಿ, ಗಿಟಾರ್ ರಿಪೇರಿ ಮಾಡೋ ಶಿವಶಂಕರ್ ಅವ್ರ ಮನೆ ಇದೇನಾ?”

ಶಿವಶಂಕರ ಬಾಲ್ಕನಿಗೆ ಬಂದು ಬಗ್ಗಿ ನೋಡಿದ. ಬೆನ್ನಿಗೆ ಗಿಟಾರಿನ ಚೀಲ ಹಾಕಿಕೊಂಡ ಒಬ್ಬಾತ ನಿಂತಿದ್ದ. ಎದುರಿಗೆ ಅವರೆಕಾಯಿ ಬಿಡಿಸುತ್ತ ಪಿಳ್ಳಮ್ಮ ಕೂತಿದ್ದಳು.

“ಅಂಥೋರ್ ಯಾರೂ ಇಲ್ಲಿಲ್ಲ ಕಣಪ್ಪ. ಇದು ಓನರ್ ಮನೆ.”

“ಶಿವಶಂಕರ್ ಅಂತ...”

“ಶಿವ್ಸಂಕ್ರ ನನ್ ಮಗ. ಅವ್ನಿಗೆ ಯಾವ್ ಕೆಲ್ಸಾನೂ ಬರಾಕಿಲ್ಲ. ಬ್ಯಾರೆ ಕಡೆ ವಿಚಾರ್ಸು.”

ಆತ ಸಾರಿ ಕೇಳಿ ಹೊರಟೇಬಿಟ್ಟ. ಶಿವಶಂಕರ ಒಂದೇ ಉಸಿರಿಗೆ ಮೂರು ಮಹಡಿ ಇಳಿದ. ಸಿಕ್ಕ ಚಪ್ಪಲಿ ಮೆಟ್ಟಿಕೊಂಡ. ಒಂದು ತನ್ನದು, ಇನ್ನೊಂದು ಯಾವ ಬಾಡಿಗೆಯವನದೋ. ಬೇಕರಿಯ ಮುಂದೆ ಅವನನ್ನು ಹಿಡಿದು ನಿಲ್ಲಿಸಿ, ಏದುಸಿರು ಬಿಡುತ್ತ, “ಗಿಟಾರ್ ರಿಪೇರಿಯವ್ನು... ನಾನೇ,” ಎಂದ.

ಆತ ಅವನ ಒದ್ದೆ ಬನಿಯನ್ನು, ಎತ್ತಿಕಟ್ಟಿದ ಲುಂಗಿ, ಕೈಯಲ್ಲಿದ್ದ ಸ್ಪ್ಯಾನರ್ ನೋಡಿದ. “ಹೌದಾ? ಆ ಮನೇಲಿ ಅಜ್ಜಿ, ಅಂಥೋರ್ ಯಾರೂ ಇಲ್ಲ ಅಂದ್ರಲ್ಲ ಸಾರ್?”

“ಅವ್ರು ನಮ್ಮಮ್ಮ,” ಎಂದ ಶಿವಶಂಕರ. “ಅವ್ರಿಗಿನ್ನೂ ಗೊತ್ತಿಲ್ಲ.”