ಗುಂಡನ ಹೊಟ್ಟೆಪಟ್ಟಿ

ಜಯನಗರದ ಜಟಕಾ ಸ್ಟ್ಯಾಂಡಿನ ಕುದುರೆಗಳೆಲ್ಲ ಪಕ್ಕೆಲುಬು ಎಣಿಸುವಷ್ಟು ಸಣಕಲು. ಚಿಕ್ಕಬೈರಪ್ಪನ ತಟ್ಟು ಗುಂಡ ಮಾತ್ರ ನೀರಿನ ಹಂಡೆಗೆ ನಾಲ್ಕು ಕಾಲು ಹಚ್ಚಿದಂತಿತ್ತು. ಕಾಲು ಗಿಡ್ಡ, ಕತ್ತು ಇದೆಯೋ ಇಲ್ಲವೋ ಎಂಬಷ್ಟು, ಹೊಟ್ಟೆಯಂತೂ ಗಾಡಿಯ ಮರಕ್ಕೆ ಎರಡೂ ಕಡೆ ಉಜ್ಜುತ್ತಿತ್ತು.

"ಬೈರಪ್ಪಾ, ಹೆರಿಗೆ ಯಾವಾಗ?" ಎಂದು ಪಕ್ಕದ ಗಾಡಿಯ ರಾಮಯ್ಯ ಕೇಳುತ್ತಿದ್ದ. ಗಂಡು ಕುದುರೆಗೆ ಕೇಳುವ ಪ್ರಶ್ನೆಯೇ ಅದು!

"ನಿಮ್ ಕುದುರೆಗಳನ್ನ ನೀವು ಉಪಾಸ ಕೆಡವ್ಕಳಿ. ನನ್ ಮಗ ತಿಂತಾನೆ," ಎನ್ನುತ್ತಿದ್ದ ಚಿಕ್ಕಬೈರಪ್ಪ. ಮಕ್ಕಳಿಲ್ಲದ ಮನೆ, ಹೆತ್ತವರಿಗೆ ಹೆಗ್ಗಣ ಮುದ್ದು. ಗುಂಡನ ಹೊಟ್ಟೆಪಟ್ಟಿಗೆ ವರ್ಷಕ್ಕೊಂದು ಹೊಸ ತೂತು ಹೊಡೆಸುವುದು ಅವನಿಗೊಂದು ಹೆಮ್ಮೆ. ಅರವತ್ತೊಂದನೇ ಇಸವಿಯಲ್ಲಿ ಸಂಕ್ರಾಂತಿಯಿಂದ ಯುಗಾದಿಯೊಳಗೇ ಮೂರು ತೂತು ಬಿದ್ದವು.

ಯುಗಾದಿ ಕಳೆದ ಮೇಲೆ ಜಟಕಾ ಬಿಲ್ಲೆಯ ತಪಾಸಣೆ ಬಂತು. ದನದ ಡಾಕ್ಟರು ಗುಂಡನಿಗೆ ಎರಡು ಪ್ರದಕ್ಷಿಣೆ ಹಾಕಿದರು. "ಏನಯ್ಯಾ, ಇದು ಗಾಡಿ ಎಳೆಯುತ್ತೋ, ಗಾಡೀನೇ ಇದನ್ನ ತಳ್ಳುತ್ತೋ?" ಸಾಲಿನಲ್ಲಿದ್ದವರೆಲ್ಲ ನಕ್ಕರು. ಡಾಕ್ಟರು ನಗಲಿಲ್ಲ. "ಉಸಿರು ನೋಡು ಹೇಗೆ ಕಟ್ತಾ ಇದೆ. ನಾಲ್ಕು ತಿಂಗಳು ಟೈಮ್ ಕೊಡ್ತೀನಿ. ಇಳಿಸದಿದ್ರೆ ಬಿಲ್ಲೆ ಇಲ್ಲ."

ಬಿಲ್ಲೆ ಇಲ್ಲದೆ ಗಾಡಿ ಕಟ್ಟುವಂತಿಲ್ಲ. ಗಾಡಿ ಕಟ್ಟದಿದ್ದರೆ ಯಡಿಯೂರಿನ ಆ ಪುಟ್ಟ ಮನೆಯಲ್ಲಿ ಒಲೆ ಉರಿಯುವಂತಿಲ್ಲ. ಚಿಕ್ಕಬೈರಪ್ಪ ಕಲ್ಲು ಮನಸ್ಸು ಮಾಡಿ ಹುರುಳಿಯನ್ನು ಅರ್ಧಕ್ಕಿಳಿಸಿದ. ಬಾಡಿಗೆಗೆ ಬರುವ ಅಮ್ಮನವರಿಗೆಲ್ಲ ಬಾಳೆಹಣ್ಣಿನ ಸಿಪ್ಪೆ ತಿನ್ನಿಸಬೇಡಿರೆಂದು ಕೈಮುಗಿದ. ತಿಂಗಳಾಯಿತು. ಹೊಟ್ಟೆಪಟ್ಟಿ ಒಂದು ತೂತೂ ಹಿಂದಕ್ಕೆ ಬರಲಿಲ್ಲ.

"ಗಾಳಿ ಕುಡ್ದು ಊದ್ಕತಾನಾ ಇವನು?" ಎಂದು ಮನೆಯಲ್ಲಿ ರೇಗಿದ.

"ಬಡವರ ಮನೇಲಿ ಒಬ್ಬನಾದ್ರೂ ದಪ್ಪಗಿರ್ಲಿ ಬುಡು," ಎಂದು ಹೆಂಡತಿ ಗೌರಮ್ಮ ನಕ್ಕು ಸಾರು ಬಡಿಸಿದಳು. ಕೈ ಎತ್ತಿದಾಗ ಬಳೆಗಳು ಮೊಣಕೈವರೆಗೂ ಜಾರಿದವು. ಅದು ಅವನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಯಾರೋ ಕದ್ದು ತಿನ್ನಿಸುತ್ತಿದ್ದಾರೆಂದು ಅವನಿಗೆ ಖಾತ್ರಿಯಾಯಿತು. ಒಂದು ಮಧ್ಯಾಹ್ನ ಎಂದಿನಂತೆ ಗಾಡಿ ಬಿಚ್ಚಿ, ಗುಂಡನನ್ನು ಹಿತ್ತಿಲಿನ ಹೊಂಗೆ ಮರಕ್ಕೆ ಕಟ್ಟಿ, ಉಂಡ. ಆದರೆ ಮಲಗಲಿಲ್ಲ. ಚಾಟಿ ಹಿಡಿದು ಹುಲ್ಲಿನ ಮೆದೆಯ ಹಿಂದೆ ಕೂತ.

ಹಿಂಬಾಗಿಲು ತೆರೆಯಿತು. ಗುಂಡ ಹೊತ್ತು ಗೊತ್ತಿದ್ದವನ ಹಾಗೆ ಮೂತಿ ಚಾಚಿತು. ಗೌರಮ್ಮ ತನ್ನ ತಟ್ಟೆ ಹಿಡಿದು ಹೊಸಿಲಲ್ಲಿ ಕುಕ್ಕರಗಾಲಲ್ಲಿ ಕೂತು, ಮುದ್ದೆ ಮುರಿದು, ಸಾರಿಗದ್ದಿ ಅದರ ಬಾಯಿಗಿಟ್ಟಳು. "ಬಿರ್ರನೆ ತಿನ್ನಪ್ಪ, ಅವನು ಎದ್ಬುಟ್ಟಾನು."

"ಸಿಕ್ಕಾಕ್ಕಂಡ್ಯಾ ಕಳ್ಳಿ!" ಎಂದು ನಗುತ್ತಲೇ ಎದ್ದ ಚಿಕ್ಕಬೈರಪ್ಪ. ಅವಳು ನಗಲಿಲ್ಲ. ತಟ್ಟೆ ಖಾಲಿಯಾಗಿತ್ತು.

"ನಿನ್ನ ಊಟ ಎಲ್ಲಮ್ಮೀ?"

"ಅದೇಯಾ."

ಊರ ಹೆಂಗಸರೆಲ್ಲರ ಹಾಗೆ ಗೌರಮ್ಮನೂ ಗಂಡ ಉಂಡೆದ್ದ ಮೇಲೆ ಉಣ್ಣುವವಳು. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿತ್ತು. ಅವಳು ಉಣ್ಣುವುದನ್ನು ತಾನು ಒಂದು ದಿನವೂ ಕೂತು ನೋಡಿಲ್ಲವೆಂದು ಅವನಿಗೆ ಈಗ ಹೊಳೆಯಿತು.

"ಗಂಟ್ಲಲ್ಲಿ ಇಳಿಯಾಕಿಲ್ಲ," ಎಂದಳು ಗೌರಮ್ಮ. "ಸಂಕ್ರಾಂತಿಯಿಂದ. ಗಂಜಿ ಒಂದು ಒಸಿ ಇಳೀತದೆ. ಅನ್ನ ಚೆಲ್ಲಬಾರದಲ್ಲ, ಅದಕ್ಕೇ ಇವನಿಗೆ..."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಆಸ್ಪತ್ರೆ ಅಂತ ಗುಂಡನ್ನ ಮಾರ್ಬುಡ್ತಿದ್ದೆ ನೀನು. ಅವನ್ನ ಬಿಟ್ರೆ ನಮಗ್ಯಾರವ್ರೆ?"

ಆಗಲೇ ಗಾಡಿ ಕಟ್ಟಿ, ಹುಲ್ಲು ಹಾಸಿ, ಅವಳನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದ. ಗುಂಡ ಏದುಸಿರು ಬಿಡುತ್ತಾ ಓಡಿತು. ಅಲ್ಲಿನ ಡಾಕ್ಟರು ಗಂಟಲು ನೋಡಿ, ಅವನನ್ನು ಹೊರಗೆ ಕರೆದು, "ತುಂಬ ತಡವಾಗಿದೆಯಲ್ಲಪ್ಪ. ಇಷ್ಟು ದಿನ ಏನು ಮಾಡ್ತಿದ್ದೆ?" ಎಂದು ಕೇಳಿದರು. ಕುದುರೆಯ ಹೊಟ್ಟೆ ಅಳೆಯುತ್ತಿದ್ದೆ ಎಂದು ಹೇಗೆ ಹೇಳಿಯಾನು? ನಾಚಿಕೆಯಿಂದ ಅವನು ತಲೆ ತಗ್ಗಿಸಿದ.

ಆಷಾಢದಲ್ಲಿ ಗೌರಮ್ಮ ತೀರಿಕೊಂಡಳು.

ಶ್ರಾವಣದಲ್ಲಿ ಮತ್ತೆ ತಪಾಸಣೆ. ದನದ ಡಾಕ್ಟರು ಗುಂಡನ ಪಕ್ಕೆ ಸವರಿದರು. ಹೊಟ್ಟೆಪಟ್ಟಿಯ ಕೊಂಡಿ ಹಳೆಯ, ಮೊದಲನೇ ತೂತಿನಲ್ಲಿತ್ತು. "ಶಭಾಷ್! ಮನಸ್ಸು ಮಾಡಿದ್ರೆ ಆಗುತ್ತೆ ನೋಡು. ಏನು ಮಾಡಿದೆಯಪ್ಪ?"

ರಾಮಯ್ಯ ನೆಲ ನೋಡಿದ. ಸಾಲಿನಲ್ಲಿ ಯಾರೂ ನಗಲಿಲ್ಲ.

"ಉಣ್ಣಿಸೋಳು ಹೋದ್ಲು ಬುದ್ಧೀ," ಎಂದ ಚಿಕ್ಕಬೈರಪ್ಪ.

ಬಿಲ್ಲೆ ಸಿಕ್ಕಿತು. ಅವನು ಅಂದು ಬಾಡಿಗೆಗೆ ಹೋಗದೆ ಮನೆಗೆ ಬಂದು ಒಂದೇ ಒಂದು ಮುದ್ದೆ ತೊಳಸಿದ. ಮಧ್ಯಾಹ್ನವಾಗುತ್ತಲೇ ಗುಂಡ ಹಿಂಬಾಗಿಲಿನೊಳಕ್ಕೆ ಮೂತಿ ಚಾಚಿತು. ಚಿಕ್ಕಬೈರಪ್ಪ ಅವಳು ಕೂರುತ್ತಿದ್ದ ಹೊಸಿಲಲ್ಲೇ ಕೂತು, ಮುದ್ದೆ ಮುರಿದು, ಒಂದು ತುತ್ತು ಬಾಯಿಗಿಟ್ಟುಕೊಂಡ. ಅದು ಗಂಟಲಲ್ಲಿ ಇಳಿಯಲಿಲ್ಲ. ತಟ್ಟೆಯನ್ನು ಗುಂಡನ ಮುಂದೆ ಹಿಡಿದ.