ಮೂರನೆಯದಕ್ಕೆ ಗುಂತಾ ಇಲ್ಲ

ನನ್ನ ಮಗಳು ಸ್ನೇಹಲ ಪಿಎಚ್.ಡಿ. ಮಾಡಿದ್ದು ಮೂರೇ ಪರಮಾಣುಗಳ ಒಂದು ಅಯಸ್ಕಾಂತದ ಮೇಲೆ. ಆರು ವರ್ಷ ಹಿಡಿಯಿತು. ಪರಮಾಣುವಿಗೆ ಎರಡು ವರ್ಷ ಅಂದುಕೊಂಡು ನಾನು ಸುಮ್ಮನಿದ್ದೆ. ಕೊನೆಯ ಪರೀಕ್ಷೆ, ಅಂದರೆ ವೈವಾ, ಆನ್‌ಲೈನ್ ಇತ್ತು. ಬೇಡಕಿಹಾಳದ ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಮೇಲಿನ ಕೋಣೆಯಲ್ಲಿ ಮಾತ್ರ. ಅದು ನನ್ನ ಗಂಡನ ಅಣ್ಣ ಜಿನ್ನಪ್ಪನವರದು. ಅವರು ಕೋಣೆ ಬಿಟ್ಟುಕೊಟ್ಟು ಕೆಳಗೆ ಕುಳಿತಿದ್ದರು.

ನಾಲ್ಕಕ್ಕೆ ಶುರುವಾದದ್ದು ಐದೂವರೆಯಾದರೂ ಮುಗಿಯಲಿಲ್ಲ. ನಾನು ರೊಟ್ಟಿ ಬಡಿಯುತ್ತ ಮೇಲಿನ ಮಾತಿಗೆ ಕಿವಿಗೊಟ್ಟಿದ್ದೆ. ಪರೀಕ್ಷಕರೊಬ್ಬರು ನಿಪ್ಪಾಣಿಯವರು.

"ಇಂಗ್ಲಿಷ್ ಸಾಕವಾ, ಮನ್ಯಾಗ ಮಾತಾಡಿದಂಗ ಹೇಳು" ಎಂದರು.

ಹುಡುಗಿ ತಡವರಿಸಿದಳು. ಎರಡು ಪರಮಾಣುಗಳ ಸ್ಪಿನ್, ಅಂದರೆ ಅವುಗಳ ಮೇಲು-ಕೆಳಗಿನ ದಿಕ್ಕು, ಒಂದಕ್ಕೊಂದು ಹೆಣೆದುಕೊಳ್ಳುವುದಕ್ಕೆ ಕನ್ನಡದ ಶಬ್ದ ಹೊಳೆಯದೆ ಮರಾಠಿಯ 'ಗುಂತಾ' ಹಿಡಿದುಕೊಂಡಳು. ಗುಂತಾ ಅಂದರೆ ದಾರದ ಸಿಕ್ಕು. ಆದರೆ ನಮ್ಮ ಕಡೆ ಹೊಲ ಅಳೆಯುವುದು ಗುಂಠಾದಲ್ಲಿ. ಭಾವನವರ ಕಿವಿಗೆ ಎರಡೂ ಒಂದೇ.

ನಾವು ಜೈನರು, ಹೊತ್ತು ಮುಳುಗುವುದರೊಳಗೆ ನಮ್ಮಲ್ಲಿ ಊಟ ಮುಗಿಯಬೇಕು. ಅದನ್ನು ಹೇಳಲು ಭಾವನವರು ಮೆಟ್ಟಿಲು ಹತ್ತಿದರು. ತಡೆಯಲು ನಾನು ಹಿಟ್ಟಿನ ಕೈಯಲ್ಲೇ ಹಿಂದೆ ಓಡಿದೆ.

"ಮೂರು ಅದಾವ್ರಿ ಸರ್," ಎನ್ನುತ್ತಿದ್ದಳು ಸ್ನೇಹಲ. "ಆದ್ರ ಎರಡರಾಗನ ಗುಂತಾ ಪೂರ್ತಿ ಆತಂದ್ರ, ಮೂರನೇದಕ್ಕ ಏನೂ ಉಳಿಯೂದಿಲ್ರಿ."

ಭಾವನವರು ಬಾಗಿಲಲ್ಲೇ ನಿಂತರು. ಅವರು, ನನ್ನ ಗಂಡ, ಐಗಳಿ ಊರಿಗೆ ಮದುವೆ ಮಾಡಿಕೊಟ್ಟ ತಂಗಿ ಮಂಗಲ, ಹೀಗೆ ಮೂವರು. ಹೊಲ ಅಣ್ಣತಮ್ಮ ಇಬ್ಬರ ಹೆಸರಿನಲ್ಲಷ್ಟೇ ಇದೆ.

"ಇದನ್ನ ತಪ್ಪಸಾಕ ಬರೂದಿಲ್ಲೇನು?" ಕೇಳಿದರು ಪರೀಕ್ಷಕರು.

"ಯಾರಿಗೂ ಬರೂದಿಲ್ರಿ."

"ಯಾಕ ಬರೂದಿಲ್ಲ?" ಭಾವನವರು ಒಳನುಗ್ಗಿ ಲ್ಯಾಪ್‌ಟಾಪಿನ ಮುಂದೆ ಬಾಗಿದರು. "ಸಾಹೇಬ್ರ, ಈ ಹುಡುಗಿ ಮಾತು ಬರಕೋಬ್ಯಾಡ್ರಿ. ಮೂರನೇದಕ್ಕ ಇಲ್ಲಂತ ನಾವ ಎಂದೂ ಅಂದಿಲ್ಲ. ಕೊಡೂಣು ಅಂತನ ಇದ್ದೀವಿ."

ಸ್ನೇಹಲ ದೊಡ್ಡಪ್ಪನ ತೋಳು ಹಿಡಿದು ಹಿಂದಕ್ಕೆಳೆದಳು. ಆರು ವರ್ಷ ಒಮ್ಮೆಲೇ ಕೈಬಿಟ್ಟುಹೋದಂತೆ ನನಗೆ ಅನಿಸಿತು.

"ದೊಡ್ಡಪ್ಪಾ, ಹೊಲದ್ದಲ್ಲ, ಅಯಸ್ಕಾಂತದ್ದು" ಎಂದಳು ಸಣ್ಣ ದನಿಯಲ್ಲಿ.

ಪರೀಕ್ಷಕರು ಕನ್ನಡಕ ತೆಗೆದು ಒರೆಸಿಕೊಂಡರು. "ಪ್ರಶ್ನೆ ಬಂದೈತಲ್ಲವಾ, ಅವರಿಗೇ ತಿಳಿಸಿ ಹೇಳು. ಅವರು ಒಪ್ಪಿದ್ರ ನಾನೂ ಒಪ್ಪತೀನಿ."

ಅವಳು ಒಂದು ಗುಟುಕು ನೀರು ಕುಡಿದಳು.

"ಈ ಎರಡಕ್ಕ ಸ್ವಂತದ್ದಂತ ಏನೂ ಇರೂದಿಲ್ಲ ದೊಡ್ಡಪ್ಪಾ. ಒಂದು ಮ್ಯಾಲ ಕಂಡ್ರ ಇನ್ನೊಂದು ಕೆಳಗ. ನೋಡೂಮಟಾ ಯಾವದು ಮ್ಯಾಲ, ಯಾವದು ಕೆಳಗ ಅನ್ನೂದ ಇಲ್ಲ."

"ನಂದೂ ನಿಮ್ಮಪ್ಪಂದೂ ಹಂಗ ಐತಿ. ಮೂರನೇದು?"

"ಮೂರೂ ಸ್ವಲ್ಪ ಸ್ವಲ್ಪ ಹಂಚಕೋಬಹುದು. ಆವಾಗ ಯಾವದಕ್ಕೂ ಪೂರ್ತಿ ಸಿಗೂದಿಲ್ಲ. ಮತ್ತ ಬಿಸಿ ಏರಿದ್ರ ಗುಂತಾ ಎಲ್ಲಾ ಹೋಗತೈತಿ."

ಭಾವನವರು ತಲೆಯಾಡಿಸಿದರು. "ಬಿಸಿ ಏರಿದ್ರ ಗುಂಠಾ ಹೋಗೂದು ಖರೆ. ಎಷ್ಟ ಮಂದೀದು ಕೋರ್ಟಿನ್ಯಾಗ ನೋಡೇನಿ. ಹುಡುಗಿ ಶಾಣ್ಯಾ ಅದಾಳ, ಪಾಸ್ ಮಾಡ್ರಿ."

ಪರೀಕ್ಷಕರು ನಕ್ಕು, ಇನ್ನೊಬ್ಬರೊಡನೆ ಎರಡು ಮಾತಾಡಿ, "ಡಾಕ್ಟರ್ ಸ್ನೇಹಲ" ಎಂದು ಕರೆದರು. ನಾನು ಹಿಟ್ಟಿನ ಕೈಯಲ್ಲೇ ಅವಳ ಗಲ್ಲ ಹಿಡಿದೆ.

ವೈವಾ ಕೇಳಲೆಂದು ಸ್ನೇಹಲ ಬಂಧುಗಳಿಗೂ ಲಿಂಕ್ ಕಳಿಸಿದ್ದಳಂತೆ. ಪರದೆಯಲ್ಲಿ ಚಪ್ಪಾಳೆ ತಟ್ಟುತ್ತಿದ್ದವರ ನಡುವಿನಿಂದ ಮಂಗಲಳ ದನಿ ಬಂತು.

"ಅಣ್ಣಾ, ನಾ ಐಗಳಿಯಿಂದ. ಕೊಡೂಣು ಅಂದದ್ದು ಕೇಳಿಸ್ತು. ಎಷ್ಟು ಗುಂಠಾ ಅಂದಿ?"

ಭಾವನವರು ಸ್ನೇಹಲಳ ಕಡೆ ನೋಡಿದರು. ಕರೆ ಹೇಗೆ ಕತ್ತರಿಸುವುದೆಂದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದ ಡಾಕ್ಟರಮ್ಮ ಕೈ ಕಟ್ಟಿಕೊಂಡು ಕುಳಿತಿದ್ದಳು.